ಬೇಲಿಯೇ ಎದ್ದು ಹೊಲ ಮೇಯ್ದಾಗ: ಮಕ್ಕಳ ಸಕ್ಕರೆ ಕಾಯಿಲೆಯಲ್ಲಿ ರೋಗ ನಿರೋಧಕ ಶಕ್ತಿಯ ಬದಲಾವಣೆಗಳು

ವಿಸ್ತರಣಾಧಿಕಾರಿ (ಪಶುವೈದ್ಯಕೀಯ), ಜಿಲ್ಲಾ ಸಹಕಾರಿ ಹಾಲು ಒಕ್ಕೂಟ



ರಾಸುಗಳ ಆರೋಗ್ಯಕ್ಕೆ ಮೀಸಲಾದ ಈ ಪುಟದಲ್ಲಿ ಈ ಬಾರಿ ಮಕ್ಕಳ ಕಾಯಿಲೆಯೊಂದರ ಬಗ್ಗೆ ಬರೆಯಲು ಎರಡು ಕಾರಣಗಳಿವೆ. ಮೊದಲನೆಯದು, ಸಂಘಗಳ ಸಭೆಗಳಲ್ಲಿ ಸದಸ್ಯರು, ಅದರಲ್ಲೂ ತಾಯಂದಿರು ಕೇಳುವ ಪ್ರಶ್ನೆ: "ಹಸುವಿನ ಹಾಲು ಕುಡಿದರೆ ಮಕ್ಕಳಿಗೆ ಸಕ್ಕರೆ ಕಾಯಿಲೆ ಬರುತ್ತದಂತೆ, ನಿಜವೇ ಡಾಕ್ಟ್ರೇ?" ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯನ್ನು ಗುರುತಿಸಲು ತಡವಾದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಅಪಾಯವಾಗುತ್ತದೆ. ಗುರುತಿಸಿ ಚಿಕಿತ್ಸೆ ಆರಂಭಿಸಿದ ಮೇಲೂ, ಮಗು ಚೇತರಿಸಿಕೊಂಡಿತೆಂದು ಇನ್ಸುಲಿನ್ ಚುಚ್ಚುಮದ್ದನ್ನು ನಿಲ್ಲಿಸಿದರೆ ಅದೇ ಅಪಾಯ ಮರಳಿ ಬರುತ್ತದೆ. ಈ ಕಾಯಿಲೆ ಏಕೆ ಬರುತ್ತದೆ ಎಂಬುದು ತಿಳಿದಿದ್ದರೆ ಈ ಎರಡು ಅನಾಹುತಗಳನ್ನೂ ತಪ್ಪಿಸಬಹುದು.

ಮಕ್ಕಳ ಚಿಕಿತ್ಸೆ ಮಕ್ಕಳ ವೈದ್ಯರಿಗೆ ಸೇರಿದ್ದು, ಪಶುವೈದ್ಯರದಲ್ಲ. ಆದರೆ ಕಾಯಿಲೆಯ ಮೂಲವನ್ನು ಅರ್ಥ ಮಾಡಿಕೊಳ್ಳಲು ರಾಸು ಸಾಕುವವರಿಗಿಂತ ಅನುಕೂಲವುಳ್ಳವರು ಬೇರೆ ಯಾರೂ ಇಲ್ಲ. ಲಸಿಕೆ, ಗಿಣ್ಣು, ಕಂದು ಹಾಕುವ ರೋಗದ ಪರೀಕ್ಷೆ, ಕೆಚ್ಚಲು ಬಾವು, ಕೀಟೋಸಿಸ್ ಇವೆಲ್ಲ ತಮಗೆ ಪರಿಚಿತ. ಈ ಪಾಠಕ್ಕೆ ಬೇಕಾಗುವುದೂ ಇವೇ.

ಎರಡು ಬಗೆಯ ಸಕ್ಕರೆ ಕಾಯಿಲೆ

ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ನಡುವಯಸ್ಸಿನವರಿಗೆ ಬರುವ ಸಕ್ಕರೆ ಕಾಯಿಲೆ. ಇದಕ್ಕೆ ಟೈಪ್-2 ಎನ್ನುತ್ತಾರೆ. ಇವರ ದೇಹದಲ್ಲಿ ಇನ್ಸುಲಿನ್ ತಯಾರಾಗುತ್ತಿರುತ್ತದೆ. ಆದರೆ ಅದು ಸಾಲುವುದಿಲ್ಲ, ಸರಿಯಾಗಿ ಕೆಲಸ ಮಾಡುವುದಿಲ್ಲ. ಪಥ್ಯ, ನಡಿಗೆ ಮತ್ತು ಮಾತ್ರೆಗಳಿಂದ ಬಹಳ ಮಂದಿಗೆ ಕಾಯಿಲೆ ಹತೋಟಿಗೆ ಬರುತ್ತದೆ.

ಮಕ್ಕಳಿಗೆ ಸಾಮಾನ್ಯವಾಗಿ ಬರುವುದು ಟೈಪ್-1. ಇದರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. ಮೇವು ಸಾಲದೆ ಹಸುವಿನ ಹಾಲು ಕಡಿಮೆಯಾಗುವುದು ಬೇರೆ, ಕೆಚ್ಚಲು ಬಾವಿನಿಂದ ಒಂದು ಮೊಲೆ ಪೂರ್ತಿ ಕೆಟ್ಟು ಹಾಲು ನಿಲ್ಲುವುದು ಬೇರೆ. ಮೊದಲನೆಯದಕ್ಕೆ ಒಳ್ಳೆಯ ಪಶು ಆಹಾರ ಹಾಕಿದರೆ ಹಾಲು ಮರಳುತ್ತದೆ. ಎರಡನೆಯದಕ್ಕೆ ಎಷ್ಟು ಹಿಂಡಿ ಹಾಕಿದರೂ ಆ ಮೊಲೆಯಲ್ಲಿ ಹಾಲು ಬರುವುದಿಲ್ಲ. ಟೈಪ್-1 ಸಕ್ಕರೆ ಕಾಯಿಲೆ ಎರಡನೆಯದರಂತೆ. ಆದುದರಿಂದ ಇದಕ್ಕೆ ಮಾತ್ರೆಯಾಗಲಿ, ಕಷಾಯವಾಗಲಿ, ಬರೀ ಪಥ್ಯವಾಗಲಿ ಪರಿಹಾರವಾಗಲಾರದು. ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು.

ಇದು ಅಪರೂಪದ ಕಾಯಿಲೆಯೆಂದು ಉದಾಸೀನ ಮಾಡುವಂತಿಲ್ಲ. 1995ರಿಂದ 2008ರವರೆಗಿನ ಕರ್ನಾಟಕದ ನೋಂದಣಿಯ ಪ್ರಕಾರ ಪ್ರತಿ ವರ್ಷ ಒಂದು ಲಕ್ಷ ಮಕ್ಕಳಲ್ಲಿ ಸುಮಾರು 4 ಮಕ್ಕಳಿಗೆ ಈ ಕಾಯಿಲೆ ಹೊಸದಾಗಿ ಬರುತ್ತಿತ್ತು. ಅತಿ ಹೆಚ್ಚು ಕಾಣುವ ಫಿನ್ಲೆಂಡ್ ದೇಶದಲ್ಲಿ ಈ ಸಂಖ್ಯೆ ಲಕ್ಷಕ್ಕೆ 50ರ ಆಸುಪಾಸಿನಲ್ಲಿದೆ. ಪ್ರಮಾಣ ಕಡಿಮೆಯಾದರೂ ನಮ್ಮದು ಜನಸಂಖ್ಯೆ ದೊಡ್ಡದಾದ ದೇಶ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ 2 ಲಕ್ಷಕ್ಕೂ ಹೆಚ್ಚು ಮಂದಿಗೆ ಟೈಪ್-1 ಇದೆ.

ಇನ್ಸುಲಿನ್ ಎಂದರೇನು?

ಜಠರದ ಹಿಂಭಾಗದಲ್ಲಿ ಮೇದೋಜೀರಕ ಗ್ರಂಥಿ ಎಂಬ ಅಂಗವಿದೆ. ಇದರಲ್ಲಿ ಅಲ್ಲಲ್ಲಿ ನಡುಗಡ್ಡೆಗಳಂತೆ ಕಾಣುವ ಚಿಕ್ಕ ಚಿಕ್ಕ ಜೀವಕೋಶಗಳ ಗುಂಪುಗಳನ್ನು 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ವಿವರಿಸಿದರು. ಈ ಗುಂಪುಗಳಲ್ಲಿರುವ ಬೀಟಾ ಜೀವಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಮಾಂಸಖಂಡ ಮತ್ತು ಕೊಬ್ಬಿನ ಒಳಕ್ಕೆ ಬಿಡುವ ಬೀಗದ ಕೈ ಇನ್ಸುಲಿನ್. ಅದಿಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕಿದರೂ ದೇಹಕ್ಕೆ ಉಪವಾಸವೇ.

ಇನ್ಸುಲಿನ್‌ನ ಚರಿತ್ರೆಯಲ್ಲಿ ಪ್ರಾಣಿಗಳ ಪಾಲು ದೊಡ್ಡದು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬುವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂದುದನ್ನು ಕಂಡರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಈ ಗ್ರಂಥಿಯಿಂದ ಸತ್ವವನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಎತ್ತಿನ ಗ್ರಂಥಿಯಿಂದ ತೆಗೆದ ಸತ್ವವನ್ನು ಚುಚ್ಚಲಾಯಿತು. ಮೊದಲ ಸಲ ಫಲ ಸಿಗಲಿಲ್ಲ. ಕಾಲಿಪ್ ಎಂಬ ರಸಾಯನ ವಿಜ್ಞಾನಿ ಇನ್ನಷ್ಟು ಶುದ್ಧ ಮಾಡಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಮುಂದಿನ ಅರವತ್ತು ವರ್ಷ ಲೋಕದ ಮಕ್ಕಳು ಬದುಕಿದ್ದು ದನ ಮತ್ತು ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್‌ನಿಂದ. 1982ರಿಂದೀಚೆಗೆ ಸೂಕ್ಷ್ಮಜೀವಿಗಳ ಸಹಾಯದಿಂದ ಮಾನವ ಇನ್ಸುಲಿನ್ ತಯಾರಾಗಿ ಬಳಕೆಗೆ ಬಂದಿದೆ.

ದೇಹದ ಕಾವಲು ಪಡೆ

ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದಾಗ ರಾಸಿನ ದೇಹದಲ್ಲಿ ಏನಾಗುತ್ತದೆಂದು ಈ ಪುಟದಲ್ಲಿ ಹಲವು ಬಾರಿ ತಿಳಿಸಲಾಗಿದೆ. ರೋಗಾಣುವಿನ ಗುರುತು ಹಿಡಿದ ಬಿಳಿ ರಕ್ತಕಣಗಳು ಮುಂದೆ ನಿಜವಾದ ರೋಗಾಣು ಬಂದಾಗ ಕೂಡಲೇ ಎದುರಿಸುತ್ತವೆ. ಮನುಷ್ಯರಲ್ಲಿಯೂ ಇದೇ ವ್ಯವಸ್ಥೆ. ಈ ಪಡೆಯಲ್ಲಿ ಮುಖ್ಯವಾಗಿ ಮೂವರನ್ನು ತಿಳಿದುಕೊಂಡರೆ ಸಾಕು.

1. ಬಿ ಜೀವಕೋಶಗಳು: ಇವು ಪ್ರತಿಕಾಯಗಳನ್ನು ತಯಾರಿಸುತ್ತವೆ. ಹುಟ್ಟಿದ ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣು ಕುಡಿಸಿ ಎಂದು ಒತ್ತಾಯಿಸುವುದು ಅದರಲ್ಲಿರುವ ತಾಯಿಯ ಪ್ರತಿಕಾಯಗಳಿಗಾಗಿಯೇ. ಮನುಷ್ಯರಲ್ಲಿ ಇವು ಗರ್ಭದಲ್ಲಿದ್ದಾಗಲೇ ಮಗುವಿಗೆ ದೊರೆಯುತ್ತವೆ.

2. ಟಿ ಜೀವಕೋಶಗಳು: ರೋಗಾಣು ಹೊಕ್ಕ ಜೀವಕೋಶವನ್ನು ಹುಡುಕಿ ಕೊಲ್ಲುವ ಕೆಲಸ ಇವುಗಳಲ್ಲಿ ಒಂದು ವರ್ಗದ್ದು.

3. ಹತೋಟಿಯ ಟಿ ಜೀವಕೋಶಗಳು: ಹೋರಾಟ ಅತಿಯಾಗದಂತೆ, ಮನೆಯವರ ಮೇಲೆ ತಿರುಗದಂತೆ ತಡೆಯುವುದು ಇವುಗಳ ಕೆಲಸ. ಕಾವಲು ನಾಯಿಯ ಸರಪಳಿ ಹಿಡಿದ ಯಜಮಾನನಂತೆ ಎನ್ನಬಹುದು.

ಟಿ ಜೀವಕೋಶಗಳಿಗೆ ಪಾಠಶಾಲೆಯೊಂದಿದೆ. ಅದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ. ಎಳೆಗರುವಿನಲ್ಲಿ ಇದು ಕುತ್ತಿಗೆಯಿಂದ ಎದೆಯವರೆಗೆ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗುತ್ತದೆ. ಮಕ್ಕಳಲ್ಲಿಯೂ ಹಾಗೆಯೇ. ಈ ಪಾಠಶಾಲೆಯಲ್ಲಿ ದೇಹದ ಸ್ವಂತ ವಸ್ತುಗಳ ಚೂರುಗಳನ್ನು ಎಳೆಯ ಟಿ ಜೀವಕೋಶಗಳಿಗೆ ತೋರಿಸಲಾಗುತ್ತದೆ. ಇನ್ಸುಲಿನ್ ಕೂಡ ಅದರಲ್ಲೊಂದು. ಸ್ವಂತ ವಸ್ತುವನ್ನು ಶತ್ರುವೆಂದು ಬಿಗಿಯಾಗಿ ಹಿಡಿಯುವ ಜೀವಕೋಶಗಳು ಅಲ್ಲಿಯೇ ನಾಶವಾಗುತ್ತವೆ. ಪರೀಕ್ಷೆಯಲ್ಲಿ ಪಾಸಾದವು ಮಾತ್ರ ಹೊರಬರುತ್ತವೆ.

ಕಾವಲು ದಾರಿ ತಪ್ಪುವುದು ಹೇಗೆ?

ಈ ಪರೀಕ್ಷೆಯಲ್ಲಿ ಎಲ್ಲರ ದೇಹದಲ್ಲಿಯೂ ಒಂದಷ್ಟು ಜೀವಕೋಶಗಳು ತಪ್ಪಿಸಿಕೊಂಡು ಹೊರಬರುತ್ತವೆ. ಬಹುತೇಕ ಮಕ್ಕಳಲ್ಲಿ ಹತೋಟಿಯ ಜೀವಕೋಶಗಳು ಅವುಗಳನ್ನು ಅಂಕೆಯಲ್ಲಿಡುತ್ತವೆ. ಕೆಲವು ಮಕ್ಕಳಲ್ಲಿ ಈ ಅಂಕೆ ಸಡಿಲವಾಗುತ್ತದೆ. ಹುಟ್ಟಿನಿಂದ ಬಂದ ಕೆಲವು ಗುಣಗಳು ಇದಕ್ಕೆ ದಾರಿ ಮಾಡುತ್ತವೆ. ಕೆಲವರ ಥೈಮಸ್‌ನಲ್ಲಿ ಇನ್ಸುಲಿನ್ ಚೂರುಗಳು ಕಡಿಮೆ ಪ್ರಮಾಣದಲ್ಲಿ ಪ್ರದರ್ಶನವಾಗುತ್ತವೆ, ಅಂದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಇನ್ನು ಎಚ್.ಎಲ್.ಎ. ಎಂಬ ಗುಂಪಿನ ವಂಶವಾಹಿಗಳು ಚೂರುಗಳನ್ನು ಟಿ ಜೀವಕೋಶಗಳ ಮುಂದೆ ಹಿಡಿಯುವ ತಟ್ಟೆಗಳನ್ನು ರೂಪಿಸುತ್ತವೆ. ಈ ಕಾಯಿಲೆಗೆ ಕಾರಣವಾಗುವ ವಂಶಗುಣದಲ್ಲಿ ಸುಮಾರು ಅರ್ಧ ಪಾಲು ಈ ಗುಂಪಿನದೇ.

ಹೀಗೆ ಅಂಕೆ ತಪ್ಪಿದ ಟಿ ಜೀವಕೋಶಗಳು ಮೇದೋಜೀರಕ ಗ್ರಂಥಿಯ ನಡುಗಡ್ಡೆಗಳನ್ನು ಮುತ್ತಿ ಬೀಟಾ ಜೀವಕೋಶಗಳನ್ನು ಒಂದೊಂದಾಗಿ ಕೊಲ್ಲತೊಡಗುತ್ತವೆ. ಪಕ್ಕದಲ್ಲಿರುವ ಬೇರೆ ಜೀವಕೋಶಗಳಿಗೆ ಹೆಚ್ಚಿನ ತೊಂದರೆಯಾಗುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹೊರಗಿನಿಂದ ಯಾವ ಕಳ್ಳನೂ ಬಂದಿರುವುದಿಲ್ಲ.

ಇದೇ ಸಮಯದಲ್ಲಿ ಬಿ ಜೀವಕೋಶಗಳು ಬೀಟಾ ಜೀವಕೋಶದ ವಸ್ತುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತವೆ. ಇನ್ಸುಲಿನ್ ವಿರುದ್ಧ, ಜಿ.ಎ.ಡಿ. ಎಂಬ ಕಿಣ್ವದ ವಿರುದ್ಧ, ಐ.ಎ.-2 ಮತ್ತು ಸತುವನ್ನು ಸಾಗಿಸುವ ಒಂದು ವಸ್ತುವಿನ ವಿರುದ್ಧ, ಹೀಗೆ ನಾಲ್ಕು ಬಗೆಯ ಪ್ರತಿಕಾಯಗಳನ್ನು ಈಗ ರಕ್ತದಲ್ಲಿ ಪರೀಕ್ಷಿಸಲಾಗುತ್ತದೆ. ಹಾಲಿನ ಉಂಗುರ ಪರೀಕ್ಷೆಯಲ್ಲಿ ಕಂದು ಹಾಕುವ ರೋಗದ ಪ್ರತಿಕಾಯ ಕಂಡರೆ ಆ ಕೊಟ್ಟಿಗೆಗೆ ರೋಗಾಣು ಕಾಲಿಟ್ಟಿರಬಹುದೆಂದು ತಿಳಿಯುತ್ತೇವಲ್ಲವೇ? ಹಾಗೆಯೇ ಈ ಪ್ರತಿಕಾಯಗಳು ಮಗುವಿನ ಗ್ರಂಥಿಯಲ್ಲಿ ಒಳಜಗಳ ಆರಂಭವಾಗಿದೆಯೆಂಬುದರ ಸೂಚನೆ. ಇವು ಹೊಗೆ ಮಾತ್ರ. ಬೆಂಕಿ ಟಿ ಜೀವಕೋಶಗಳದ್ದು.

ವಯಸ್ಸಿಗೆ ತಕ್ಕಂತೆಯೂ ವ್ಯತ್ಯಾಸವಿದೆ. ಇಂಗ್ಲೆಂಡಿನ ಎಕ್ಸೆಟರ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 7 ವರ್ಷದೊಳಗೆ ಕಾಯಿಲೆ ಬಂದ ಮಕ್ಕಳ ಗ್ರಂಥಿಯಲ್ಲಿ ಟಿ ಜೀವಕೋಶಗಳ ಜೊತೆಗೆ ಬಿ ಜೀವಕೋಶಗಳೂ ಹೇರಳವಾಗಿ ಮುತ್ತಿರುತ್ತವೆ. ಉಳಿದ ಬೀಟಾ ಜೀವಕೋಶಗಳು ಬಹಳ ಕಡಿಮೆ. 13 ವರ್ಷ ಮತ್ತು ಅದರ ಮೇಲೆ ಬಂದವರಲ್ಲಿ ಬಿ ಜೀವಕೋಶಗಳ ದಾಳಿ ಕಡಿಮೆ. ಬೀಟಾ ಜೀವಕೋಶಗಳು ಹೆಚ್ಚು ಉಳಿದಿರುತ್ತವೆ. ಚಿಕ್ಕ ಮಕ್ಕಳಲ್ಲಿ ಕಾಯಿಲೆ ವೇಗವಾಗಿ ಉಲ್ಬಣಿಸುವುದಕ್ಕೆ ಇದು ಹೊಂದಿಕೆಯಾಗುತ್ತದೆ. ಆದುದರಿಂದ ಮಗು ಚಿಕ್ಕದಾದಷ್ಟೂ ಆಸ್ಪತ್ರೆಗೆ ಹೋಗುವ ಅವಸರ ಹೆಚ್ಚು.

ಕಾಯಿಲೆಯ ಮೂರು ಹಂತಗಳು

ಮಗುವಿಗೆ "ನಿನ್ನೆ ಮೊನ್ನೆ ಬಂತು" ಎಂದು ತೋರಿದರೂ ಈ ಕಾಯಿಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಳಗೇ ಬೆಳೆದಿರುತ್ತದೆ.

ಮೊದಲ ಹಂತ: ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳು ರಕ್ತದಲ್ಲಿರುತ್ತವೆ. ಸಕ್ಕರೆ ಪ್ರಮಾಣ ಸರಿಯಾಗಿರುತ್ತದೆ. ಮಗು ಆಡಿಕೊಂಡಿರುತ್ತದೆ.

ಎರಡನೇ ಹಂತ: ಸಕ್ಕರೆ ಪ್ರಮಾಣದಲ್ಲಿ ಏರುಪೇರು ಆರಂಭವಾಗುತ್ತದೆ. ಹೊರಲಕ್ಷಣಗಳಿರುವುದಿಲ್ಲ.

ಮೂರನೇ ಹಂತ: ಬೀಟಾ ಜೀವಕೋಶಗಳು ಸಾಲದಾಗಿ ಲಕ್ಷಣಗಳು ಹೊರಬೀಳುತ್ತವೆ.

ಫಿನ್ಲೆಂಡ್, ಜರ್ಮನಿ ಮತ್ತು ಅಮೆರಿಕದ 13 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಪ್ರತಿಕಾಯಗಳಿದ್ದ 100 ಮಕ್ಕಳಲ್ಲಿ ಸುಮಾರು 70 ಮಕ್ಕಳಿಗೆ ಹತ್ತು ವರ್ಷದೊಳಗೆ ಕಾಯಿಲೆ ಬಂದಿತು. ಒಂದೇ ಪ್ರತಿಕಾಯವಿದ್ದವರಲ್ಲಿ ಇದು ಸುಮಾರು 15 ಮಾತ್ರ.

ಕಾರಣ ಯಾರು?

ಮಗುವಿಗೆ ಕಾಯಿಲೆ ಬಂದೊಡನೆ ಮನೆಯಲ್ಲಿ ದೋಷ ಹುಡುಕುವುದು ಆರಂಭವಾಗುತ್ತದೆ. ಸಿಹಿ ಜಾಸ್ತಿ ಕೊಟ್ಟಿರೆಂದು ತಾಯಿಯನ್ನು ದೂರುತ್ತಾರೆ. ಸಿಹಿ ತಿಂದುದರಿಂದ ಟೈಪ್-1 ಬರುವುದಿಲ್ಲ. ಇದು ಅಂಟುರೋಗವೂ ಅಲ್ಲ. ಇನ್ನು ವಂಶದ ಮಾತು. ಈ ಕಾಯಿಲೆ ಬಂದ 10 ಮಕ್ಕಳಲ್ಲಿ 8ಕ್ಕೂ ಹೆಚ್ಚು ಮಕ್ಕಳ ಮನೆಯಲ್ಲಿ ಬೇರೆ ಯಾರಿಗೂ ಟೈಪ್-1 ಇರುವುದಿಲ್ಲ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆಂದೂ ಇಲ್ಲ. ಅಂದರೆ ವಂಶಗುಣ ಹದ ಮಾಡಿದ ಹೊಲ ಮಾತ್ರ. ಬೀಜ ಬೇರೆಡೆಯಿಂದ ಬೀಳಬೇಕು.

ಆ ಬೀಜ ಯಾವುದೆಂದು ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ. ಹೆಚ್ಚಿನ ಅನುಮಾನವಿರುವುದು ಕರುಳಿನ ವೈರಸ್‌ಗಳ ಮೇಲೆ, ಮುಖ್ಯವಾಗಿ ಕಾಕ್ಸಾಕಿ-ಬಿ ಗುಂಪಿನ ಮೇಲೆ. ನಾಲ್ಕು ದೇಶಗಳ ಮಕ್ಕಳ ಅಧ್ಯಯನವೊಂದರಲ್ಲಿ ಈ ಜಾತಿಯ ವೈರಸ್ ಕರುಳಿನಲ್ಲಿ ಬಹಳ ದಿನ ಉಳಿದ ಮಕ್ಕಳಲ್ಲಿ ಪ್ರತಿಕಾಯಗಳು ಹೆಚ್ಚಾಗಿ ಕಂಡುಬಂದವೆಂದು 2019ರಲ್ಲಿ ವರದಿಯಾಯಿತು. ಕಾಲುಬಾಯಿ ಜ್ವರದ ವೈರಸ್ಸೂ ಕಾಕ್ಸಾಕಿಯೂ ಪಿಕೋರ್ನಾ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಆದರೆ ದಾಯಾದಿಗಳೆಂದ ಮಾತ್ರಕ್ಕೆ ಒಬ್ಬರ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು. ರಾಸಿನ ಕಾಲುಬಾಯಿ ಜ್ವರದಿಂದ ಮಕ್ಕಳಿಗೆ ಸಕ್ಕರೆ ಕಾಯಿಲೆ ಬರುತ್ತದೆಂದು ಭಾವಿಸಬೇಡಿ. ಹಾಗೆಯೇ ಮಕ್ಕಳಿಗೆ ಹಾಕಿಸುವ ಲಸಿಕೆಗಳಿಂದಲೂ ಈ ಕಾಯಿಲೆ ಬರುವುದಿಲ್ಲ.

ಹಾಲಿನ ಮೇಲಿನ ಆರೋಪ

ಈಗ ಸದಸ್ಯರ ಪ್ರಶ್ನೆಗೆ ಬರೋಣ. ಹಾಲು ನಮ್ಮ ಜೀವನೋಪಾಯವಾದುದರಿಂದ ಇಲ್ಲಿ ಹೆಚ್ಚು ಜಾಗರೂಕತೆಯಿಂದ, ಇದ್ದುದನ್ನು ಇದ್ದಂತೆಯೇ ಹೇಳಬೇಕು.

ಆರೋಪ ಸುಮ್ಮನೆ ಹುಟ್ಟಿದ್ದಲ್ಲ. 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸದಾಗಿ ಕಾಯಿಲೆ ಬಂದ 142 ಫಿನ್ಲೆಂಡಿನ ಮಕ್ಕಳೆಲ್ಲರ ರಕ್ತದಲ್ಲಿಯೂ ಹಸುವಿನ ಆಲ್ಬುಮಿನ್ ಎಂಬ ಪ್ರೋಟೀನ್ ವಿರುದ್ಧ ಹೆಚ್ಚಿನ ಪ್ರತಿಕಾಯಗಳು ಕಂಡುಬಂದವು. ಆ ಪ್ರೋಟೀನಿನ ಒಂದು ತುಂಡು ಬೀಟಾ ಜೀವಕೋಶದ ಒಂದು ವಸ್ತುವನ್ನು ಹೋಲುವುದರಿಂದ ಕಾವಲು ಪಡೆ ಮೋಸಹೋಗುತ್ತದೆಂದು ವಾದಿಸಲಾಯಿತು. ಹಾಲಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹಸುವಿನ ಇನ್ಸುಲಿನ್ ಮಾನವ ಇನ್ಸುಲಿನ್‌ಗಿಂತ ಮೂರು ಅಮೈನೋ ಆಮ್ಲಗಳಲ್ಲಿ ಮಾತ್ರ ಬೇರೆಯಾಗಿರುವುದರಿಂದ ಅದರ ಮೇಲೂ ಅನುಮಾನ ಬಂದಿತು.

ಆದರೆ ಆಲ್ಬುಮಿನ್‌ನ ಫಲಿತಾಂಶ ಬೇರೆ ಕಡೆಗಳಲ್ಲಿ ಹಾಗೆಯೇ ದೊರೆಯಲಿಲ್ಲ. ಇದನ್ನು ಇತ್ಯರ್ಥ ಮಾಡಲು 2002ರಲ್ಲಿ ಟ್ರಿಗರ್ ಎಂಬ ದೊಡ್ಡ ಪ್ರಯೋಗ ಆರಂಭವಾಯಿತು. 15 ದೇಶಗಳ 2,159 ಶಿಶುಗಳು ಇದರಲ್ಲಿದ್ದವು. ಎಲ್ಲರೂ ವಂಶದಲ್ಲಿ ಟೈಪ್-1 ಇದ್ದು, ಅಪಾಯ ಹೆಚ್ಚಿದ್ದ ಮಕ್ಕಳು. ತಾಯಿಹಾಲಿನ ಜೊತೆಗೆ ಹಾಲಿನ ಪುಡಿ ಬೇಕಾದಾಗ ಒಂದು ಗುಂಪಿಗೆ ಹಸುವಿನ ಹಾಲಿನ ಪ್ರೋಟೀನನ್ನು ಚೂರು ಚೂರಾಗಿ ಒಡೆದ ಪುಡಿ, ಇನ್ನೊಂದು ಗುಂಪಿಗೆ ಬಹುಪಾಲು ಸಾಧಾರಣ ಪುಡಿ ಕೊಡಲಾಯಿತು. 2018ರಲ್ಲಿ ಫಲಿತಾಂಶ ಬಂದಿತು. ಸುಮಾರು ಹನ್ನೊಂದೂವರೆ ವರ್ಷಗಳ ನಂತರ ಮೊದಲ ಗುಂಪಿನಲ್ಲಿ ಶೇಕಡ 8.4, ಎರಡನೆಯದರಲ್ಲಿ ಶೇಕಡ 7.6 ಮಕ್ಕಳಿಗೆ ಕಾಯಿಲೆ ಬಂದಿತ್ತು. ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಹಸುವಿನ ಪ್ರೋಟೀನನ್ನು ಒಡೆದು ಕೊಟ್ಟರೂ ಲಾಭವಾಗಲಿಲ್ಲ.

ಎ-1, ಎ-2 ಹಾಲಿನ ವಿಚಾರವೂ ಇದಕ್ಕೆ ಸೇರಿದ್ದೇ. ಹಾಲಿನ ಬೀಟಾ ಕೇಸೀನ್‌ನಲ್ಲಿರುವ 209 ಅಮೈನೋ ಆಮ್ಲಗಳಲ್ಲಿ 67ನೆಯದು ಎ-2ರಲ್ಲಿ ಪ್ರೋಲಿನ್, ಎ-1ರಲ್ಲಿ ಹಿಸ್ಟಿಡಿನ್. ಎ-1 ಹೆಚ್ಚು ಬಳಸುವ ದೇಶಗಳಲ್ಲಿ ಟೈಪ್-1 ಹೆಚ್ಚೆಂದು ನ್ಯೂಜಿಲೆಂಡಿನ ಕೆಲವರು ಲೆಕ್ಕ ತೋರಿಸಿದ್ದುಂಟು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಎಲ್ಲವನ್ನೂ ಪರಿಶೀಲಿಸಿ, ಕಾರಣ-ಪರಿಣಾಮದ ಸಂಬಂಧ ಸ್ಥಾಪಿತವಾಗಿಲ್ಲವೆಂದು ತಿಳಿಸಿತು. ನಾಟಿ ಹಸುಗಳನ್ನು ಸಾಕಲು ಬೇರೆ ಒಳ್ಳೆಯ ಕಾರಣಗಳು ಬೇಕಾದಷ್ಟಿವೆ. ಆದರೆ ಎ-2 ಹಾಲು ಕುಡಿಸಿದರೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಬಂದದ್ದು ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿ ಹೆಚ್ಚಿನ ಬೆಲೆ ಕೇಳಿದರೆ ನಂಬಬೇಡಿ, ತಾವೂ ಹಾಗೆ ಹೇಳಿ ಮಾರಬೇಡಿ.

ಒಂದು ಮಾತನ್ನು ಒಕ್ಕೂಟದ ನೌಕರನಾಗಿಯೇ ಹೇಳುತ್ತೇನೆ. ಮೊದಲ ಆರು ತಿಂಗಳು ಮಗುವಿಗೆ ತಾಯಿಹಾಲು ಮಾತ್ರ ಕೊಡತಕ್ಕದ್ದು. ಒಂದು ವರ್ಷದೊಳಗೆ ಹಸುವಿನ ಹಾಲು ಮಗುವಿನ ಮುಖ್ಯ ಆಹಾರವಾಗಬಾರದು. ಇದು ಸಕ್ಕರೆ ಕಾಯಿಲೆಯ ಭಯದಿಂದಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆಯಿದ್ದು ಶಿಶುವಿಗೆ ರಕ್ತಹೀನತೆ ಬರುತ್ತದೆ. ಕರುವಿಗೆ ತನ್ನ ತಾಯಿಯ ಗಿಣ್ಣು ಹೇಗೋ, ಮಗುವಿಗೆ ತನ್ನ ತಾಯಿಯ ಹಾಲು ಹಾಗೆ.

ಲಕ್ಷಣಗಳು: ಕೀಟೋಸಿಸ್ ಬಲ್ಲವರಿಗೆ ಎಚ್ಚರಿಕೆ

ಮಗುವಿನಲ್ಲಿ ಈ ಕೆಳಗಿನವು ಕಂಡರೆ ಕೂಡಲೇ ಸಕ್ಕರೆ ಪರೀಕ್ಷೆ ಮಾಡಿಸಿ:

- ಪದೇ ಪದೇ, ಹೆಚ್ಚು ಮೂತ್ರ. ಬಿಟ್ಟಿದ್ದ ಅಭ್ಯಾಸ ಮರಳಿ ರಾತ್ರಿ ಹಾಸಿಗೆ ಒದ್ದೆ ಮಾಡುವುದು
- ಎಷ್ಟು ನೀರು ಕುಡಿದರೂ ತೀರದ ದಾಹ
- ಉಂಡರೂ ತೂಕ ಇಳಿಯುವುದು
- ಸುಸ್ತು, ಆಟದಲ್ಲಿ ನಿರಾಸಕ್ತಿ
- ಮೂತ್ರ ಬಿದ್ದ ಜಾಗಕ್ಕೆ ಇರುವೆ ಮುತ್ತುವುದು

ಇವನ್ನು ಗಮನಿಸದೆ ಬಿಟ್ಟರೆ ಮುಂದಿನದು ಅಪಾಯದ ಘಟ್ಟ. ಹೊಟ್ಟೆನೋವು, ವಾಂತಿ, ಜೋರಾದ ಆಳವಾದ ಉಸಿರಾಟ, ಮಂಪರು, ಉಸಿರಿನಲ್ಲಿ ಹಣ್ಣಿನಂತಹ ವಾಸನೆ. ಈ ವಾಸನೆ ತಮಗೆ ಹೊಸದಲ್ಲ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿದ ಕೆಲವು ವಾರಗಳಲ್ಲಿ ಹಿಂಡಿ ಬಿಟ್ಟು, ಹಾಲು ಇಳಿಸಿ, ಕೀಟೋಸಿಸ್‌ಗೆ ಬಿದ್ದಾಗ ಅದರ ಉಸಿರಿನಲ್ಲಿ ಬರುವುದೂ ಇದೇ ವಾಸನೆ. ಎರಡರಲ್ಲೂ ದೇಹ ಸಕ್ಕರೆ ಸಿಗದೆ ಕೊಬ್ಬನ್ನು ಸುಡುತ್ತಿರುತ್ತದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹಸುವಿನ ರಕ್ತದಲ್ಲಿ ಸಕ್ಕರೆ ಕಡಿಮೆಯಿರುತ್ತದೆ, ಅದಕ್ಕೇ ನಾವು ಗ್ಲೂಕೋಸ್ ಬಾಟಲಿ ಹಾಕುತ್ತೇವೆ. ಮಗುವಿನ ರಕ್ತದಲ್ಲಿ ಸಕ್ಕರೆ ವಿಪರೀತವಾಗಿರುತ್ತದೆ, ಇಲ್ಲದಿರುವುದು ಇನ್ಸುಲಿನ್. ಸುಸ್ತೆಂದು ಪರೀಕ್ಷೆಯಿಲ್ಲದೆ ಗ್ಲೂಕೋಸ್ ಹಾಕಿಸಿದರೆ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಆದುದರಿಂದ ವಾಂತಿ, ಸುಸ್ತು ಇರುವ ಮಗುವಿಗೆ ಹನಿ ಹಾಕುವ ಮೊದಲು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿರೆಂದು ತಾವೇ ಕೇಳಿ. ಒಂದು ನಿಮಿಷದ ಕೆಲಸ. ಲಕ್ಷಣಗಳ ಜೊತೆಗೆ ಯಾವುದೇ ಹೊತ್ತಿನಲ್ಲಿ 200 ಅಥವಾ ಹೆಚ್ಚು ಬಂದರೆ ಅಂದೇ ದೊಡ್ಡ ಆಸ್ಪತ್ರೆಗೆ ಸೇರಿಸಿ. ಮರುದಿನಕ್ಕೆ ಮುಂದೂಡಬೇಡಿ.

ಚಿಕಿತ್ಸೆಯಲ್ಲಿ ಗಮನಿಸಬೇಕಾದುದು

ಮೋಸದ ತಿಂಗಳುಗಳು: ಇನ್ಸುಲಿನ್ ಆರಂಭಿಸಿದ ಕೆಲವು ವಾರಗಳಲ್ಲಿ ಅಳಿದುಳಿದ ಬೀಟಾ ಜೀವಕೋಶಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಇನ್ಸುಲಿನ್ ಪ್ರಮಾಣ ಬಹಳ ಇಳಿಯುತ್ತದೆ. ಇದೇ ಸಮಯದಲ್ಲಿ ಯಾರೋ ಕೊಟ್ಟ ಬೇರು, ಪುಡಿ, ಹರಕೆಗಳಿಗೆ ಹೆಸರು ಬರುತ್ತದೆ. ಆದರೆ ಬೇಲಿ ಮೇಯುವುದನ್ನು ನಿಲ್ಲಿಸಿರುವುದಿಲ್ಲ. ಟಿ ಜೀವಕೋಶಗಳು ಉಳಿದ ಪೈರನ್ನೂ ಮುಗಿಸುತ್ತವೆ. ವೈದ್ಯರು ಹೇಳದೆ ಇನ್ಸುಲಿನ್ ನಿಲ್ಲಿಸಿದರೆ ಮಗು ಮತ್ತೆ ಅಪಾಯದ ಘಟ್ಟಕ್ಕೆ ಬೀಳುತ್ತದೆ.

ನಿರೋಧಕ ಶಕ್ತಿ ಹೆಚ್ಚಿಸುವ ಪುಡಿಗಳು: ಈ ಮಕ್ಕಳ ನಿರೋಧಕ ಶಕ್ತಿ ದುರ್ಬಲವಾದುದಲ್ಲ, ದಾರಿ ತಪ್ಪಿದ್ದು. ಅದನ್ನು "ಹೆಚ್ಚಿಸುವ" ಡಬ್ಬಿಗಳಿಗೆ ಹಣ ಹಾಕಬೇಡಿ. ಸಕ್ಕರೆ ಸದಾ ಏರಿದ್ದರೆ ಮಾತ್ರ ಬಿಳಿ ರಕ್ತಕಣಗಳ ಕೆಲಸ ಕುಂದಿ ಸೋಂಕುಗಳು ಹೆಚ್ಚುತ್ತವೆ. ಸಕ್ಕರೆ ಹತೋಟಿಯೇ ಇದಕ್ಕೆ ಮದ್ದು. ಎಲ್ಲ ಮಕ್ಕಳಂತೆ ಇವರಿಗೂ ಲಸಿಕೆಗಳನ್ನು ಹಾಕಿಸಬೇಕು.

ಜ್ವರ ಬಂದಾಗ: ಮಗು ಊಟ ಬಿಟ್ಟಿದೆಯೆಂದು ಇನ್ಸುಲಿನ್ ಬಿಡಬಾರದು. ಸೋಂಕಿನ ಸಮಯದಲ್ಲಿ ಅದರ ಅಗತ್ಯ ಹೆಚ್ಚಲೂಬಹುದು. ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಸಂಗ್ರಹಣೆ: ಲಸಿಕೆಯಂತೆ ಇನ್ಸುಲಿನ್‌ಗೂ 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ತಂಪು ಬೇಕು. ಹೆಪ್ಪುಗಟ್ಟಿದರೆ ಕೆಡುತ್ತದೆ, ಫ್ರಿಜ್‌ನ ಐಸ್ ಪೆಟ್ಟಿಗೆಯಲ್ಲಿ ಇಡಬಾರದು. ಫ್ರಿಜ್ ಇಲ್ಲದವರು ನೀರಿನ ತೇವವಿರುವ ಮಣ್ಣಿನ ಮಡಕೆಯನ್ನು ನೆರಳಿನಲ್ಲಿಟ್ಟು ಅದರೊಳಗೆ, ಸೀಸೆಗೆ ನೀರು ತಾಗದಂತೆ ಇಡಬಹುದು.

ಸಕ್ಕರೆ ಕುಸಿದಾಗ: ನಡುಕ, ಬೆವರು, ತಲೆಸುತ್ತು, ಸಿಡುಕು ಕಂಡರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ನಂತರ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ. ಗೊಟ್ಟದಲ್ಲಿ ಅವಸರದಿಂದ ಔಷಧಿ ಹಾಕಿದಾಗ ಅದು ರಾಸಿನ ಶ್ವಾಸಕೋಶಕ್ಕೆ ಹೋಗಿ ಆಗುವ ಅನಾಹುತವನ್ನು ತಾವು ಬಲ್ಲಿರಿ. ಮಗುವನ್ನು ಮಗ್ಗುಲಾಗಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹಾಲು: ಈ ಮಕ್ಕಳು ಹಾಲು ಕುಡಿಯಬಹುದು. ಹಾಲಿನಲ್ಲಿ ಸಹಜವಾಗಿಯೇ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ, 200 ಮಿ.ಲೀ. ಲೋಟದಲ್ಲಿ ಸುಮಾರು 10 ಗ್ರಾಂ. ಇದನ್ನು ಊಟದ ಲೆಕ್ಕಕ್ಕೆ ಸೇರಿಸಿಕೊಂಡರೆ ಸಾಕು.

ಇತರ ಪರೀಕ್ಷೆಗಳು: ಕಾವಲು ಒಂದು ಕಡೆ ದಾರಿ ತಪ್ಪಿದವರಲ್ಲಿ ಇನ್ನೊಂದು ಕಡೆಯೂ ತಪ್ಪುವ ಸಂಭವವಿದೆ. ಆದುದರಿಂದ ಥೈರಾಯ್ಡ್ ಗ್ರಂಥಿಯ ಪರೀಕ್ಷೆ ಹಾಗೂ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆಗಳನ್ನು ವೈದ್ಯರು ಕಾಲಕಾಲಕ್ಕೆ ಹೇಳುತ್ತಾರೆ. ಖರ್ಚೆಂದು ತಪ್ಪಿಸಬೇಡಿ.

ಬೇಲಿಗೆ ಅಂಕೆ ಹಾಕುವ ಪ್ರಯತ್ನ

ಬೇಲಿಯನ್ನೇ ತಡೆಯಲು ಸಾಧ್ಯವೇ? 2022ರ ನವೆಂಬರ್‌ನಲ್ಲಿ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದು ಟಿ ಜೀವಕೋಶಗಳಿಗೆ ಅಂಟಿಕೊಂಡು ಅವುಗಳ ಅಬ್ಬರ ತಗ್ಗಿಸುತ್ತದೆ. ಎರಡನೇ ಹಂತದಲ್ಲಿರುವ 8 ವರ್ಷ ಮೇಲ್ಪಟ್ಟವರಿಗೆ 14 ದಿನ ರಕ್ತನಾಳದ ಮೂಲಕ ಕೊಡಲಾಗಿ, ಪ್ರಯೋಗದಲ್ಲಿ ಮೂರನೇ ಹಂತ ಸುಮಾರು ಎರಡು ವರ್ಷ ಮುಂದಕ್ಕೆ ಹೋಯಿತು. ಇದು ಬಹಳ ದುಬಾರಿ. ಕಾಯಿಲೆಯನ್ನು ಮುಂದೂಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಆದರೂ ದೋಷ ಎಲ್ಲಿದೆಯೆಂದು ಅರಿತು ಅಲ್ಲಿಗೇ ಕೈ ಹಾಕಿದ ಮೊದಲ ಔಷಧಿಯಿದು.

ನೆನಪಿಡಿ

1. ಟೈಪ್-1 ಸಕ್ಕರೆ ಕಾಯಿಲೆ ದೇಹದ ಕಾವಲು ಪಡೆ ತನ್ನ ಬೀಟಾ ಜೀವಕೋಶಗಳನ್ನೇ ಕೊಲ್ಲುವುದರಿಂದ ಬರುತ್ತದೆ. ಇದರಲ್ಲಿ ತಾಯಿಯ ತಪ್ಪಿಲ್ಲ, ಮಗುವಿನ ತಪ್ಪಿಲ್ಲ.
2. ಹಸುವಿನ ಹಾಲೇ ಇದಕ್ಕೆ ಕಾರಣವೆಂಬುದು ಸಾಬೀತಾಗಿಲ್ಲ. ಎ-2 ಹಾಲು ಇದಕ್ಕೆ ಮದ್ದಲ್ಲ.
3. ಹೆಚ್ಚು ಮೂತ್ರ, ದಾಹ, ತೂಕ ಇಳಿತ: ಅಂದೇ ರಕ್ತ ಪರೀಕ್ಷೆ.
4. ವಾಂತಿ, ಜೋರಾದ ಉಸಿರು, ಕೀಟೋಸಿಸ್ ವಾಸನೆ: ಕೂಡಲೇ ಆಸ್ಪತ್ರೆ.
5. ಇನ್ಸುಲಿನ್ ಒಂದು ದಿನವೂ ತಪ್ಪಬಾರದು.

ಸಂಘದ ಕಾರ್ಯದರ್ಶಿಗಳು ಮೇಲಿನ ಐದು ಅಂಶಗಳನ್ನು ಹಾಲು ಹಾಕುವ ವೇಳೆಯಲ್ಲಿ ಸದಸ್ಯರಿಗೆ ಓದಿ ಹೇಳಿ, ಸಂಘದ ಫಲಕದಲ್ಲಿ ಬರೆಯಿಸಬೇಕಾಗಿ ಕೋರಿದೆ. ಸಮಯಕ್ಕೆ ಸರಿಯಾಗಿ ಇನ್ಸುಲಿನ್ ಪಡೆದ ಮಗು ಶಾಲೆಗೆ ಹೋಗಿ, ಆಟವಾಡಿ, ಮುಂದೆ ಸಂಸಾರ ನಡೆಸಿ, ಎಲ್ಲರಂತೆ ಬಾಳುತ್ತದೆ. ಅಂತಹ ಮಗು ತಮ್ಮ ಊರಿನಲ್ಲಿದ್ದರೆ ಅದರ ತಂದೆತಾಯಿಗೆ ಧೈರ್ಯ ಹೇಳಿ, ಶಾಲೆಯ ಗುರುಗಳಿಗೂ ವಿಷಯ ತಿಳಿಸಿ.